ಅರ್ಧ ಮೇಜಿನ ಕೌದಿ

ಗಂಡ ಜೆನಿವಾಲ್ ಮನೆ ಬಿಟ್ಟು ಹೋದ ತಿಂಗಳಲ್ಲೇ ಮೂರು ಸಲ ವಾಪಸು ಬಂದ. ಮೊದಲ ಸಲ ಬಂದದ್ದು ರೇಡಿಯೊಗೆ, ಎರಡನೆಯ ಸಲ ಹುಂಜಕ್ಕೆ, ಮೂರನೆಯ ಸಲ ಮೇಜಿಗೆ. ರೇಡಿಯೊವನ್ನು ಲಿಂದಾಲ್ವ ಮಾತಿಲ್ಲದೆ ಕೊಟ್ಟಳು. ಹುಂಜವನ್ನು ತಾನೇ ಅಟ್ಟಾಡಿಸಿ ಹಿಡಿದು, ಕಾಲು ಕಟ್ಟಿ ಕೈಗಿಟ್ಟಳು. ಮೇಜು ಅಂದಾಗ ಮಾತ್ರ ಬಾಗಿಲಿಗೆ ಅಡ್ಡ ನಿಂತಳು.

ಆ ಮೇಜಿನ ಹುಟ್ಟು ಬೀದಿಗೆಲ್ಲ ಗೊತ್ತಿತ್ತು. ಮದುವೆಯಾದ ವರ್ಷ ಲಿಂದಾಲ್ವಳ ಅಪ್ಪ, ಮುಚ್ಚಿಹೋಗಿದ್ದ ಮರಗೆಣಸಿನ ಹಿಟ್ಟಿನ ಗಿರಣಿಯಿಂದ ಒಂದು ಜತೊಬಾ ಮರದ ಹಲಗೆಯನ್ನು ಗಾಡಿಯ ಮೇಲೆ ಹಾಕಿಸಿಕೊಂಡು ಬಂದು ಮಗಳ ಅಂಗಳದಲ್ಲಿ ಇಳಿಸಿದ್ದ. ಮೊಳೆ ಹೊಡೆದರೆ ಮೊಳೆಯೇ ಬಾಗುವಂಥ ಮರ. ಜೆನಿವಾಲ್ ಲಾರಿಗಳಿಗೆ ಮರದ ಬಾಡಿ ಕಟ್ಟುವ ಬಡಗಿ, ಕೈಕೆಲಸದಲ್ಲಿ ಗಟ್ಟಿಗ. ಅದಕ್ಕೆ ಜೋಡಿಯಾಗುವಂಥ ಇನ್ನೊಂದು ಹಲಗೆಯನ್ನು ಹುಡುಕಿ ತಂದ. ಎರಡನ್ನೂ ಉದ್ದಕ್ಕೆ ಪಕ್ಕಪಕ್ಕ ಕೂಡಿಸಿ, ಬೆಣೆ ಬಡಿದು, ಅಂಟು ತುಂಬಿ, ಹತ್ತು ಜನ ಕೂತು ಉಣ್ಣುವ ಮೇಜು ಮಾಡಿದ. "ಇಷ್ಟು ಮಕ್ಕಳನ್ನ ಎಲ್ಲಿಂದ ತರ್ತೀಯಪ್ಪಾ?" ಅಂತ ಮಾವ ಅವತ್ತು ನಕ್ಕಿದ್ದ.

ಮಕ್ಕಳಾಗಲಿಲ್ಲ. ಆದರೂ ಮೇಜು ಖಾಲಿ ಬೀಳಲಿಲ್ಲ. ಪ್ರತಿ ವರ್ಷ ಜೂನಿನಲ್ಲಿ ಸಂತ ಜುವಾಂವನ ಹಬ್ಬದ ಸಂಜೆ ಅದನ್ನು ನಾಲ್ಕು ಜನ ಹೊತ್ತು ಬೀದಿಗೆ ತರುತ್ತಿದ್ದರು. ಮನೆಮನೆಯ ಮುಂದೆ ಬೆಂಕಿ ಹಾಕಿರುತ್ತಿದ್ದರು. ಸಿಪ್ಪೆಯಲ್ಲೇ ಸುತ್ತಿ ಬೇಯಿಸಿದ ಮುಸುಕಿನ ಜೋಳದ ಕಡುಬು, ಜೋಳದ ಹಾಲುಬಾಯಿ, ಹುರಿದ ಕಡಲೆಕಾಯಿ ಎಲ್ಲವೂ ಲಿಂದಾಲ್ವಳ ಮೇಜಿನ ಮೇಲೆ ಬಂದು ಕೂರುತ್ತಿದ್ದವು. ಬೀದಿಯವರೂ ಕೂರುತ್ತಿದ್ದರು.

"ದಾರಿ ಬಿಡು, ಲಿಂದಾಲ್ವ," ಅಂದ ಜೆನಿವಾಲ್. ಹೊರಗೆ ಅವನ ಗೆಳೆಯನ ವ್ಯಾನು ನಿಂತಿತ್ತು. "ಪೇಟೇಲಿ ನನಗೀಗ ಮಗ ಇದಾನೆ. ಅವನು ನೆಲದ ಮೇಲೆ ಕೂತು ಉಣ್ಣಬೇಕಾ?"

"ಇನ್ನೂ ಮೊಲೆ ಬಿಡದ ಕೂಸಿಗೆ ಮೇಜು ಯಾಕೋ?"

"ಮೇಜು ಮಾಡಿದೋನು ನಾನು."

"ಹಲಗೆ ಕೊಟ್ಟೋನು ನನ್ನಪ್ಪ."

"ಒಂದು ಹಲಗೆ! ಒಂದೇ ಒಂದು! ಇನ್ನೊಂದು ನಾನು ತಂದದ್ದು."

ಹೀಗೆ ಹಲಗೆಗೆ ಹಲಗೆ ಲೆಕ್ಕ ಹತ್ತಿ, ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಳ್ಳುವ ಹೊತ್ತಿಗೆ ಜೆನಿವಾಲನ ಮುಖ ಕೆಂಪೇರಿತು. ವ್ಯಾನಿಗೆ ಹೋಗಿ ಗರಗಸ ತಂದ. "ಸರಿ ಹಂಗಾದ್ರೆ. ನಿನ್ನಪ್ಪಂದು ನಿನಗೆ, ನಂದು ನನಗೆ."

ಅವನು ಹೆದರಿಸುತ್ತಿದ್ದಾನೆ ಅಂತ ಲಿಂದಾಲ್ವ ಅಂದುಕೊಂಡಳು. ಕಣ್ಣೀರು ಹಾಕಿ ಕೈ ಹಿಡಿಯುತ್ತಾಳೆ ಅಂತ ಅವನೂ ಅಂದುಕೊಂಡಿದ್ದಿರಬೇಕು. ಅವಳು ಹಿಡಿಯಲಿಲ್ಲ. ಬಾಗಿಲಿಂದ ಪಕ್ಕಕ್ಕೆ ಸರಿದಳು. ಗರಗಸ ಬೆಸುಗೆಯ ಮೇಲೆ ಕೂತಿತು. ಜತೊಬಾ ಮರ ಕುಯ್ಯುವ ಸದ್ದು ಹಂದಿ ಕುಯ್ಯುವ ಸದ್ದಿಗಿಂತ ಕಡಿಮೆಯೇನಲ್ಲ. ಅರ್ಧ ದಾರಿಯಲ್ಲಿ ಗರಗಸ ಓರೆಯಾಯಿತು. ಲಿಂದಾಲ್ವ ಸುಮ್ಮನಿರಲಾರದೆ ಹೋಗಿ ಮೇಜಿನ ಇನ್ನೊಂದು ತುದಿಯನ್ನು ಅಲುಗದಂತೆ ಅದುಮಿ ಹಿಡಿದಳು.

"ನೆಟ್ಟಗೆ ಕುಯ್ಯಿ. ನಿನ್ನ ಗರಗಸ ನಮ್ಮಪ್ಪನ ಹಲಗೆ ತಿಂತಾ ಇದೆ."

ಜೆನಿವಾಲನ ಗೆಳೆಯ ತಲೆ ತಗ್ಗಿಸಿ ಹೊರಗೆ ಹೋಗಿ ವ್ಯಾನಿನಲ್ಲಿ ಕೂತ. ಕೊನೆಗೆ ಮೇಜು ಎರಡಾಯಿತು. ಎರಡೆರಡು ಕಾಲಿನ ಎರಡು ಹೋಳುಗಳು ದಡಾರನೆ ಎರಡು ಕಡೆ ಮಗುಚಿಕೊಂಡವು. ಜೆನಿವಾಲ್ ತನ್ನ ಹೋಳನ್ನು ಎಳೆದುಕೊಂಡು ಹೋದ. ಲಿಂದಾಲ್ವ ಮರದ ಹೊಟ್ಟು ಗುಡಿಸಿದಳು, ತನ್ನ ಹೋಳನ್ನು ಗೋಡೆಗೆ ಒರಗಿಸಿದಳು, ಆಮೇಲೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮನಸಾರೆ ಅತ್ತಳು. ಯಾರೂ ನೋಡಲಿಲ್ಲ. ನೋಡಿದ್ದರೂ ಅವಳು ಒಪ್ಪುತ್ತಿರಲಿಲ್ಲ.

ಲಿಂದಾಲ್ವ ಅಜ್ಜಿಯ ಕೈಯಲ್ಲಿ ಬೆಳೆದವಳು. ಒಂಬತ್ತು ದಾಟುವ ಮೊದಲೇ ಸೂಜಿ ಹಿಡಿದಿದ್ದಳು. ಹದಿಹರೆಯದಲ್ಲಿ ರೆಸಿಫೆ ನಗರದ ಒಂದು ದೊಡ್ಡ ಮನೆಗೆ ಕೆಲಸಕ್ಕೆ ಹೋದಳು. ಅಲ್ಲಿ ದಿನಾ ಮೇಜು ಹಾಸುವವಳು ಅವಳೇ, ಮೇಜಿಗೆ ಕೂರುವ ಹಾಗಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತುಕೊಂಡೇ ಉಣ್ಣಬೇಕು. ಆ ಮನೆ ಬಿಟ್ಟು ಊರಿಗೆ ಬಂದವಳು ನಿಂತು ಉಣ್ಣುವುದನ್ನೇ ಬಿಟ್ಟಳು. ಒಂದು ರೊಟ್ಟಿಚೂರಾದರೂ ಸರಿ, ಕೂತೇ ತಿನ್ನುವಳು. ಈಗ ಗೆಳತಿ ಒತೀಲಿಯಳ ಹೊಲಿಗೆ ಶೆಡ್ಡಿನಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಾಳೆ. ಇಗರ್ಜಿಯಲ್ಲಿ ಒತೀಲಿಯಳ ಕಿರಿಮಗಳಿಗೆ ಹೆಸರಿಡುವ ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ನಿಂತದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಮಾದ್ರೆ' ಅಂತ ಕರೆಯುತ್ತಾರೆ.

ಮೇಜು ಕುಯ್ದ ಸುದ್ದಿ ಊರು ಸುತ್ತಿ ಬಂತು. ಹಬ್ಬ ಹತ್ತಿರವಿತ್ತು, ಹುಡುಗರು ಬೆಂಕಿಗೆ ಸೌದೆ ಕೇಳುತ್ತಾ ಮನೆಮನೆ ಅಲೆಯುತ್ತಿದ್ದರು. ಅವರ ಹಿಂದೆಯೇ ಅತ್ತೆ ದೋನ ಕಿತೇರಿಯ ಬಂದಳು. ಅದೇ ಬೀದಿಯ ತುದಿಮನೆಯವಳು, ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ಮಾತು ಬೀದಿಗೆಲ್ಲ ಕೇಳುವಂತೆಯೇ ಆಡುವವಳು.

"ಗೋಡೆಗೆ ಒರಗಿಸಿಕೊಂಡು ಏನು ಪೂಜೆ ಮಾಡ್ತೀಯೇನೇ? ಕೊಟ್ಟುಬಿಡು ಹುಡುಗ್ರಿಗೆ. ಜತೊಬಾ ಬೆಂಕಿ ಬೆಳಗಿನ ತನಕ ಉರಿಯುತ್ತೆ."

"ಇದು ಸೌದೆ ಅಲ್ಲ ದೋನ ಕಿತೇರಿಯ, ಮೇಜು."

"ಎರಡು ಕಾಲಿಂದಕ್ಕೆ ಮೇಜು ಅಂತಾರೇನೇ? ಹಂಗಂದ್ರೆ ನಾನೂ ಮೇಜೇ."

ಹುಡುಗರು ಕಿಸಕ್ಕನೆ ನಕ್ಕರು. ಲಿಂದಾಲ್ವಳಿಗೂ ನಗು ಬಂತು, ತಡೆದುಕೊಂಡಳು.

"ಈ ವರ್ಷಾನೂ ಹಬ್ಬಕ್ಕೆ ಮೇಜು ಬೀದಿಗೆ ಬರುತ್ತೆ. ನೀವೂ ಬನ್ನಿ."

ಅತ್ತೆಯ ದನಿ ಸಣ್ಣಗಾಯಿತು. "ನೋಡು, ನನ್ನ ಮಗ ಮಾಡಿದ್ದು ಸರಿ ಅಂತ ನಾನನ್ನಲ್ಲ. ಆದ್ರೆ ಗಂಡ ಬಿಟ್ಟೋದ ವರ್ಷಾನೇ ಹೆಂಗಸು ಬೀದೀಲಿ ಮೇಜು ಹಾಕಿ ಜನ ಕರೆದ್ರೆ ಏನಂತಾರೆ? ಒಂದು ವರ್ಷ ಬಾಗಿಲು ಹಾಕ್ಕೊಂಡು ತಣ್ಣಗಿರು. ಮರ್ಯಾದಸ್ಥರು ಹಂಗೇ ಮಾಡೋದು."

ಬಾಗಿಲು ಹಾಕ್ಕೊಂಡು. ಆ ಮಾತು ಲಿಂದಾಲ್ವಳ ತಲೆಯಲ್ಲಿ ಕೂತುಬಿಟ್ಟಿತು. ಅತ್ತೆ ಹೋದ ಮೇಲೆ ಮನೆಯೊಳಗೆ ತಿರುಗಿದಳು. ಬೀದಿಬಾಗಿಲು ಬೇಕು, ಹಿತ್ತಲ ಬಾಗಿಲು ಬೇಕು. ಮಲಗುವ ಕೋಣೆಯ ಬಾಗಿಲ ಮುಂದೆ ನಿಂತಳು. ನೀಲಿ ಬಣ್ಣ ಹೊಡೆದ, ಉದ್ದನೆಯ, ಒಳ್ಳೆ ಬಾಗಿಲು. ಒಂಟಿ ಹೆಂಗಸು ಮಲಗುವ ಕೋಣೆಗೆ ಬಾಗಿಲು ಹಾಕಿಕೊಳ್ಳುವುದಾದರೂ ಯಾರಿಗೆ ಕಾಣಬಾರದು ಅಂತ? ಸ್ಕ್ರೂಡ್ರೈವರ್ ತಂದು ತಿರುಪು ಬಿಚ್ಚಿದಳು.

ಭಾನುವಾರ ಒತೀಲಿಯ ಬಂದು ನೋಡಿದಾಗ ಬಾಗಿಲು ನೆಲದ ಮೇಲೆ ಮಲಗಿತ್ತು, ಪಕ್ಕದಲ್ಲಿ ಎರಡು ಬೇಲಿಗೂಟಗಳು.

"ಕೊಮಾದ್ರೆ, ನಿನಗೆ ತಲೆ ಕೆಟ್ಟಿದೆ," ಅಂದಳು ಒತೀಲಿಯ.

"ಕೆಟ್ಟಿದ್ರೆ ಕೆಡಲಿ. ಆ ಕಡೆ ಹಿಡ್ಕೊ."

ಒತೀಲಿಯ ಹಿಡಿದುಕೊಂಡಳು. ಇಬ್ಬರೂ ಸೇರಿ ಅಡಿಯಲ್ಲಿ ಅಡ್ಡಪಟ್ಟಿ ಕೊಟ್ಟು, ಅಪ್ಪನ ಹಲಗೆಗೆ ಬಾಗಿಲನ್ನು ಜೋಡಿಸಿದರು. ಜತೊಬಾಕ್ಕೆ ಮೊಳೆ ಇಳಿಸುವಷ್ಟರಲ್ಲಿ ಒತೀಲಿಯಳ ಹೆಬ್ಬೆರಳು ನೀಲಿಗಟ್ಟಿತು, ಬಾಯಿಂದ ಬರಬಾರದ ಬೈಗುಳಗಳು ಬಂದವು. ಸಂಜೆಯ ಹೊತ್ತಿಗೆ ನಾಲ್ಕು ಕಾಲಿನ ಮೇಜು ನಿಂತಿತು. ಒಂದು ಅರ್ಧ ಕಂದು, ಇನ್ನೊಂದು ಅರ್ಧ ನೀಲಿ, ನೀಲಿಯ ಅಂಚಿನಲ್ಲಿ ಬೀಗದ ಕೈ ತೂತು.

ಆದರೆ ಒಂದು ತೊಡಕು. ಹಲಗೆ ದಪ್ಪ, ಬಾಗಿಲು ತೆಳು. ಅಡ್ಡಪಟ್ಟಿ ಎರಡನ್ನೂ ಅಡಿಯಲ್ಲಿ ಸಮ ಹಿಡಿದಿದ್ದರಿಂದ, ಕಾಲು ಎಷ್ಟು ಎತ್ತರಿಸಿದರೂ ಮೇಲೆ ನಡುವೆ ಬೆರಳಗಲದ ಮೆಟ್ಟಿಲು ಉಳಿದೇ ಉಳಿಯಿತು. ಜೊತೆಗೆ ಗರಗಸ ಓರೆಯಾಗಿದ್ದ ಕಡೆ ಸಂದು. ಲಿಂದಾಲ್ವ ಕಾಫಿ ಲೋಟ ಇಟ್ಟು ನೋಡಿದಳು. ಲೋಟ ವಾಲಿ ಚೆಲ್ಲಿತು.

"ಬಟ್ಟೆ ಹಾಸಿದರಾಯ್ತು," ಅಂದಳು ಒತೀಲಿಯ.

"ಬಟ್ಟೆ ಸಂದಿಗೆ ಇಳಿದುಬಿಡುತ್ತೆ. ಕೌದಿ ಆಗಬೇಕು. ನಡುವೆ ಉದ್ದಕ್ಕೂ ಓಡೋವಂಥ ಕೌದಿ. ಬಾಗಿಲ ಕಡೆ ದಪ್ಪ, ಹಲಗೆ ಕಡೆ ತೆಳು."

"ಮೇಜಿಗೆ ಕೌದಿ! ಅದಕ್ಕೇನು ಚಳಿಯಾ?"

ಮಾರನೆಯ ದಿನದಿಂದಲೇ ಲಿಂದಾಲ್ವ ಬಟ್ಟೆ ಕೂಡಿಸತೊಡಗಿದಳು. ಶೆಡ್ಡಿನಲ್ಲಿ ಮಧ್ಯಾಹ್ನ ಉಂಡ ಮೇಲೆ ಅರ್ಧ ಗಂಟೆ ಬಿಡುವು. ಉಳಿದ ಹೆಂಗಸರು ಗೋಡೆಗೊರಗಿ ಕಣ್ಣು ಮುಚ್ಚಿದರೆ ಅವಳು ಮಡಿಲಲ್ಲಿ ತುಂಡುಗಳನ್ನು ಹರಡಿಕೊಳ್ಳುವಳು. ಕಣ್ಣು ಮುಚ್ಚಿದವರೆಲ್ಲ ಒಂದು ಕಣ್ಣು ತೆರೆದೇ ಇಟ್ಟಿದ್ದರು. ಊರಿಗೆಲ್ಲ ಒಂದೇ ಅನುಮಾನ: ಜೆನಿವಾಲ್ ಬಿಟ್ಟುಹೋದ ಅಂಗಿಗಳನ್ನು ಕತ್ತರಿಸುತ್ತಿದ್ದಾಳೆ, ನಾಳೆ ಅದರ ಮೇಲೆ ಸಾರು ಚೆಲ್ಲಿ ಸೇಡು ತೀರಿಸಿಕೊಳ್ಳುತ್ತಾಳೆ.

"ಅವನ ಕೆಂಪು ಚೌಕಳಿ ಶರ್ಟು ಎಲ್ಲಿ ಹಾಕ್ತೀಯಾ ಲಿಂದಾಲ್ವ?" ಅಂತ ಒಬ್ಬಳು ಕೆಣಕಿದಳು. "ನಡುವೆ ಹಾಕು, ಬಿಸಿ ಪಾತ್ರೆ ಇಡೋ ಜಾಗಕ್ಕೆ!"

"ಅವನ ಶರ್ಟೆಲ್ಲ ಒಗೆದು, ಇಸ್ತ್ರಿ ಮಾಡಿ ಅವರಮ್ಮನ ಮನೆಗೆ ಕೊಟ್ಟಾಯ್ತು. ಇದರಲ್ಲಿ ಅವನ ಒಂದು ನೂಲೂ ಬೇಡ ನನಗೆ."

ನಿಜಕ್ಕೂ ಬೇಕಿರಲಿಲ್ಲ. ಬೀರುವಿನ ತಳದಿಂದ ಅಜ್ಜಿಯ ದೊಡ್ಡ ಹೂವಿನ ಚೀಟಿ ಬಟ್ಟೆಯ ಲಂಗ ತೆಗೆದಳು, ಹೊಲಿಗೆ ಸವೆದ ಕಡೆ ಬಿಟ್ಟು ಗಟ್ಟಿ ಇರುವಲ್ಲಿ ಕತ್ತರಿಸಿದಳು. ಅಪ್ಪನ ಸಾವಿಗೆ ಉಟ್ಟ ಕಪ್ಪು ಉಡುಪಿನಿಂದ ಒಂದು ಪಟ್ಟಿ. ಶೆಡ್ಡಿನ ಚೀಲದಿಂದ, ತಾನೇ ಹೊಲಿದ ಜೇಬುಗಳ ಅಂಚಿನಲ್ಲಿ ಉಳಿದ ಜೀನ್ಸ್ ಚೂರುಗಳು. ರೆಸಿಫೆಯ ಮನೆಯಲ್ಲಿ ಕಟ್ಟಿಕೊಳ್ಳುತ್ತಿದ್ದ ಬಿಳಿ ಏಪ್ರನ್ ಇನ್ನೂ ಇತ್ತು. ಎಷ್ಟೋ ಸಲ ಎಸೆಯಬೇಕು ಅಂದುಕೊಂಡಿದ್ದ ಬಟ್ಟೆ. ಅದನ್ನು ಚೌಕಚೌಕವಾಗಿ ಕತ್ತರಿಸಿ ಸರಿಯಾಗಿ ಮೇಜಿನ ನಟ್ಟನಡುವೆ ಬರುವಂತೆ ಇಟ್ಟಳು. ಒಳಗೆ ತುಂಬಲು ಹಳೆಯ ಕಂಬಳಿ, ಬಾಗಿಲ ಕಡೆ ಎರಡು ಪದರ, ಹಲಗೆ ಕಡೆ ಒಂದು. ಅಡಿಗೆ ಮೈದಾ ಚೀಲದ ಬಟ್ಟೆ. ಕಚ್ಚಾ ಹೊಲಿಗೆ ಹಾಕಿ ಮೂರನ್ನೂ ಹಿಡಿಸಿ ಮಷೀನಿಗೆ ಕೊಟ್ಟರೆ ಮಷೀನಿನ ಸೂಜಿ ಮುರಿಯಿತು. ಸರಿ, ಕೈಹೊಲಿಗೆಯೇ ಗತಿ. ಜೀನ್ಸ್ ಹೊಲಿಯುವ ದಪ್ಪ ಹಳದಿ ದಾರ ಪೋಣಿಸಿ, ಸಾಲಿನ ಮೇಲೆ ಸಾಲು, ಒತ್ತೊತ್ತಾಗಿ ಹೊಲಿಯುತ್ತ ಹೋದಳು. ಹೆಬ್ಬೆರಳಲ್ಲಿ ಗಾಯವಾಗಿ, ಗಾಯ ಗಟ್ಟಿಯಾಗಿ, ಮತ್ತೆ ಹೊಲಿದಳು.

ಕೌದಿಯ ಅಂಚು ಕಟ್ಟುತ್ತಿದ್ದ ವಾರ ದೋನ ಕಿತೇರಿಯ ಮತ್ತೆ ಬಂದಳು. ಈ ಸಲ ಬಾಗಿಲಲ್ಲೇ ನಿಂತಳು. ಮುಖ ಎತ್ತಲಿಲ್ಲ.

"ಅವನ ಬಿಳಿ ನಾರುಬಟ್ಟೆ ಸೂಟು ಇದ್ಯಲ್ಲ, ಅದು ಬೇಕಂತೆ. ಮಗೂಗೆ ಜ್ಞಾನಸ್ನಾನ."

ಲಿಂದಾಲ್ವಳ ಕೈಯಲ್ಲಿದ್ದ ಸೂಜಿ ನಿಂತಿತು. ಆ ಸೂಟು ಅವಳ ಜೀವಮಾನದ ಹೊಲಿಗೆ. ಬಟ್ಟೆ ಜೆನಿವಾಲನೇ ತಂದದ್ದು, ಮೊದಲ ದೊಡ್ಡ ಲಾರಿ ಕಟ್ಟಿದ ಖುಷಿಗೆ. ಅವಳು ಒಂದು ತಿಂಗಳು ಕೂತು ಹೊಲಿದಿದ್ದಳು. ಕಾಲರನ್ನೇ ನಾಲ್ಕು ಸಲ ಬಿಚ್ಚಿ ಹೊಲಿದಿದ್ದಳು. ಅದನ್ನು ತೊಟ್ಟು ಅವನು ಇಗರ್ಜಿಗೆ ನಡೆದಾಗ, ಯಾವ ದರ್ಜಿ ಹೊಲಿದದ್ದು ಅಂತ ಊರು ಕೇಳಿತ್ತು.

"ನಾಳೆ ಬನ್ನಿ, ಕೊಡ್ತೀನಿ," ಅಂದಳು.

ಅವತ್ತು ಮಧ್ಯಾಹ್ನ ಬೀದಿಬಾಗಿಲಿಗೇ ಸ್ಟೂಲು ಹಾಕಿಕೊಂಡು, ಹೋಗಿಬರುವವರಿಗೆಲ್ಲ ಕಾಣುವಂತೆ ಕೂತಳು. ಮೊದಲು ಸೂಟಿನ ತೋಳು ಬಿಚ್ಚಿದಳು. ಆಮೇಲೆ ಕಾಲರು. ಕಾಲರಿನ ಹೊತ್ತಿಗೆ ಕಣ್ಣು ಮಂಜಾಯಿತು, ಕತ್ತರಿ ಮಾತ್ರ ಎಲ್ಲೂ ಬಟ್ಟೆಗೆ ತಾಗಲಿಲ್ಲ. ಒಂದೊಂದೇ ಹೊಲಿಗೆಯನ್ನು ಹಗೂರಕ್ಕೆ ಎತ್ತಿ ಎಳೆದಳು. ಜೇಬು, ಬೆನ್ನು, ಪ್ಯಾಂಟಿನ ಕಾಲು, ಸೊಂಟಪಟ್ಟಿ ಎಲ್ಲ ಬೇರೆಬೇರೆಯಾದವು. ಒಂದೊಂದನ್ನೂ ಇಸ್ತ್ರಿ ಮಾಡಿದಳು, ಮಡಿಸಿದಳು, ಗುಂಡಿಗಳನ್ನು ಕಾಗದದಲ್ಲಿ ಸುತ್ತಿ ಮೇಲಿಟ್ಟಳು.

ಮಾರನೆಯ ದಿನ ಗಂಟು ಬಿಚ್ಚಿ ನೋಡಿದ ದೋನ ಕಿತೇರಿಯ ಒಂದು ತೋಳನ್ನು ಎತ್ತಿ ಹಿಡಿದು ಹಾಗೇ ನಿಂತಳು.

"ಇದೇನೇ ಇದು, ಪಾಪಿ?"

"ಸೂಟು. ಮೇಜು ಕುಯ್ಯೋವಾಗ ನಿಮ್ಮ ಮಗ ಒಂದು ನ್ಯಾಯ ಹೇಳಿದ, ಯಾರದ್ದು ಅವರಿಗೆ ಅಂತ. ಬಟ್ಟೆ ಅವನದ್ದು. ಅಳೆದು ನೋಡ್ಕೊಳ್ಳಿ, ಒಂದು ಬೆರಳು ಕಮ್ಮಿ ಇಲ್ಲ. ಗುಂಡೀನೂ ಅವನದ್ದೇ. ಹೊಲಿಗೆ ನನ್ನದು. ಅದನ್ನ ನಾನು ತಗೊಂಡೆ."

"ಇನ್ನೈದು ದಿನಕ್ಕೆ ಜ್ಞಾನಸ್ನಾನ ಕಣೇ!"

"ಹೊಲಿಯೋರು ಪೇಟೇಲಿ ಬೇಕಾದಷ್ಟು ಜನ ಇದಾರೆ."

ಮುದುಕಿ ಬೈಯುತ್ತಾಳೆ ಅಂತ ಲಿಂದಾಲ್ವ ಸೊಂಟಕ್ಕೆ ಕೈಕೊಟ್ಟು ಸಿದ್ಧವಾಗಿ ನಿಂತಳು. ಮುದುಕಿ ಬೈಯಲಿಲ್ಲ. ತೋಳಿನ ಅಂಚಿನಲ್ಲಿ ಸೂಜಿ ಬಿಟ್ಟುಹೋದ ಸಣ್ಣಸಣ್ಣ ತೂತುಗಳ ಸಾಲನ್ನು ಬೆರಳಿಂದ ಸವರಿ ನೋಡಿದಳು. "ಎಷ್ಟು ಸಣ್ಣ ಹೊಲಿಗೆ ಹಾಕಿದ್ಯೇ," ಅಂದಳು ತನಗೆ ತಾನೇ ಎಂಬಂತೆ. ಗಂಟು ಕಟ್ಟಿಕೊಂಡು ಹೋದಳು. ಜ್ಞಾನಸ್ನಾನಕ್ಕೆ ಜೆನಿವಾಲ್ ಗೆಳೆಯನ ಕೋಟು ತೊಟ್ಟು ಹೋದನಂತೆ, ತೋಳು ಮೊಣಕೈ ಹತ್ತಿರ ನಿಂತಿತ್ತಂತೆ. ಊರು ಅದನ್ನು ಉಪ್ಪುಖಾರ ಹಚ್ಚಿ ಹೇಳಿತು. ಲಿಂದಾಲ್ವ ಕೇಳಿದಳು, ನಗಲಿಲ್ಲ. ಆ ಮಗುವಿನ ಹೆಸರೇನು ಅಂತ ಮಾತ್ರ ವಿಚಾರಿಸಿದಳು.

ಹಬ್ಬದ ಸಂಜೆ ಒತೀಲಿಯ, ಅವಳ ಗಂಡ, ಶೆಡ್ಡಿನ ಇಬ್ಬರು ಹೆಂಗಸರು ಸೇರಿ ಮೇಜನ್ನು ಬೀದಿಗೆ ತಂದರು. ಲಿಂದಾಲ್ವ ಕೌದಿ ಹಾಸಿದಳು. ಕೈಯಿಂದ ಸವರಿದಳು. ಕಂದು ಹಲಗೆಯಿಂದ ನೀಲಿ ಬಾಗಿಲಿಗೆ ಕೈ ಎಡವದೆ ಜಾರಿತು. ನೀರು ತುಂಬಿದ ಹೂಜಿ ಇಟ್ಟಳು, ಅಲುಗಲಿಲ್ಲ. ಕಡುಬಿನ ತಟ್ಟೆ, ಹಾಲುಬಾಯಿಯ ಬೋಗುಣಿ, ಕಡಲೆಕಾಯಿ, ಬೆಲ್ಲದ ಕೇಕು ಎಲ್ಲ ಇಟ್ಟಳು. ಹೊಸ ಉಡುಪು ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು, ಮೇಜಿನ ತಲೆಯ ಕಡೆ, ಜೆನಿವಾಲ್ ಕೂರುತ್ತಿದ್ದ ಜಾಗದಲ್ಲಿ ಕುರ್ಚಿ ಎಳೆದು ಕೂತಳು.

ಜನ ಬರಲಿಲ್ಲ. ತಮ್ಮತಮ್ಮ ಬೆಂಕಿಯ ಹತ್ತಿರ ನಿಂತು ಈ ಕಡೆ ನೋಡುತ್ತಿದ್ದರು. ಯಾರು ಮೊದಲು ಹೋಗುತ್ತಾರೆ ಅಂತ ಎಲ್ಲರೂ ಕಾಯುತ್ತಿದ್ದರು. ಒತೀಲಿಯ ಸುಮ್ಮನೆ ಲಂಗದ ಅಂಚು ತಿರುಚುತ್ತಿದ್ದಳು.

"ಒಳಗೆ ತಗೊಂಡು ಹೋಗೋಣ್ವಾ, ಕೊಮಾದ್ರೆ?" ಅಂದಳು ಮೆಲ್ಲಗೆ.

"ಯಾಕೆ? ನನಗೆ ಹಸಿವಾಗಿದೆ."

ಲಿಂದಾಲ್ವ ಒಂದು ಕಡುಬಿನ ಸಿಪ್ಪೆ ಬಿಡಿಸಿದಳು. ಆತುರವಿಲ್ಲದೆ, ಅಗಿದು ಅಗಿದು ತಿಂದಳು. ಇಡೀ ಬೀದಿ ಅವಳು ತಿನ್ನುವುದನ್ನೇ ನೋಡಿತು. ಇನ್ನೊಂದನ್ನು ಬಿಡಿಸಿದಳು. ಆಗ ಬೀದಿಯ ತುದಿಮನೆಯಿಂದ ದೋನ ಕಿತೇರಿಯ ಹೊರಟು ಬಂದಳು. ಬೆಂಕಿಗಳ ನಡುವೆ, ಯಾರನ್ನೂ ನೋಡದೆ, ನೆಟ್ಟಗೆ. ಜಗಳ ನೋಡಲು ಜನ ಎರಡು ಹೆಜ್ಜೆ ಹತ್ತಿರ ಸರಿದರು.

ಮುದುಕಿ ಮೇಜಿಗೆ ಒಂದು ಸುತ್ತು ಬಂದಳು. ಬಗ್ಗಿ ಅಡಿ ನೋಡಿದಳು. ಬೀಗದ ಕೈ ತೂತಿನಲ್ಲಿ ಬೆರಳಿಟ್ಟಳು.

"ಇದು ಮಲಗೋ ಕೋಣೆ ಬಾಗಿಲಲ್ವೇನೇ?"

"ಹೌದು."

"ನಾಚಿಕೆ ಇಲ್ವಾ? ಬಾಗಿಲಿಲ್ಲದ ಕೋಣೇಲಿ ಮಲಗ್ತೀಯಾ?"

"ಚೆನ್ನಾಗಿ ಗಾಳಿ ಬರುತ್ತೆ ದೋನ ಕಿತೇರಿಯ. ಗೊರಕೆ ಹೊಡೆಯೋರೂ ಇಲ್ಲ."

ಬೀದಿಯಲ್ಲಿ ಯಾರೋ ಪಕ್ಕನೆ ನಕ್ಕರು. ಮುದುಕಿಯ ಬಾಯಿಯ ಒಂದು ಮೂಲೆ ಅಲುಗಿತು. "ಅವರಪ್ಪನೂ ಹಂಗೇ ಹೊಡೀತಿದ್ದ, ಆನೆ ಥರ," ಅಂದಳು. ಆಮೇಲೆ ಕೌದಿಯ ಮೇಲೆ ಬಾಗಿ, ಮಗನ ಬಟ್ಟೆಯ ಯಾವುದಾದರೂ ಚೂರಿಗಾಗಿ ಇರಬೇಕು, ತುದಿಯಿಂದ ತುದಿಗೆ ಒಂದೊಂದೇ ತುಂಡು ನೋಡುತ್ತ ಹೋದಳು. ಇರಲಿಲ್ಲ. ಕುರ್ಚಿ ಎಳೆದಳು. ಜತೊಬಾ ಕಡೆ ಕೂರಲೋ ಬಾಗಿಲ ಕಡೆ ಕೂರಲೋ ಅಂತ ಒಂದು ಗಳಿಗೆ ನಿಂತು, ಬಾಗಿಲ ಕಡೆಯೇ ಕೂತಳು.

"ಹಾಲುಬಾಯಿ ಹಾಕು. ದಾಲ್ಚಿನ್ನಿ ಜಾಸ್ತಿ ಹಾಕಿರ್ತೀಯ, ಗೊತ್ತು ನನಗೆ."

ಆಮೇಲೆ ಕುರ್ಚಿ ಸಾಲಲಿಲ್ಲ. ಜನ ತಮ್ಮತಮ್ಮ ಮನೆಯಿಂದ ಕುರ್ಚಿ, ಸ್ಟೂಲು, ಬೀರಿನ ಕ್ರೇಟು ತಂದರು. ಅಕಾರ್ಡಿಯನ್ ಬಂತು. ಯಾರೋ ಕಾಫಿ ಚೆಲ್ಲಿ, ಅಯ್ಯೋ ಅಂತ ಒರೆಸಲು ಹೋದರೆ, "ಬಿಡು, ಅದು ಇರೋದೇ ಅದಕ್ಕೆ," ಅಂದಳು ಲಿಂದಾಲ್ವ. ಜೂನಿನ ಜಿಟಿಜಿಟಿ ಹನಿ ಶುರುವಾದಾಗಲೂ ಯಾರೂ ಏಳಲಿಲ್ಲ.

ಜೆನಿವಾಲ್ ಬಂದದ್ದು ಆಗಸ್ಟಿನ ಒಂದು ಬೆಳಗ್ಗೆ, ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೆ. ಗರಗಸವಿರಲಿಲ್ಲ. ಸೊರಗಿದ್ದ. ಒಳಗೆ ಬರಲೇ ಅಂತ ಕೇಳಿದ್ದು ಅವಳಿಗೆ ವಿಚಿತ್ರವಾಗಿ ಕಂಡಿತು. ಬಾ ಅಂದಳು, ಕಾಫಿ ಕೊಟ್ಟಳು. ಅವನು ಮೇಜನ್ನು ಬಡಗಿಯ ಕಣ್ಣಿನಿಂದ ನೋಡಿದ.

"ಮೊಳೆ ಹೊಡೆದಿರೋದು ಓರೆ."

"ಗೊತ್ತು."

"ನನ್ನ ಹಲಗೆ ಸುಮ್ಮನೆ ಬಿದ್ದಿದೆ. ಮಗೂನ ಅಮ್ಮನಿಗೆ ಅಂಗಡಿಯಿಂದ ತಂದ ಗಾಜಿನ ಮೇಜು ಬೇಕಂತೆ. ಅದನ್ನ ತಂದು ಮೊದಲಿನ ಹಂಗೇ ಕೂಡಿಸಿಕೊಡ್ತೀನಿ ಲಿಂದಾಲ್ವ. ಬೆಸುಗೆ ಗೊತ್ತೂ ಆಗಲ್ಲ."

ಅವನು ಕೇಳುತ್ತಿದ್ದದ್ದು ಮೇಜಿನ ವಿಷಯವೊಂದೇ ಅಲ್ಲ ಅಂತ ಅವಳಿಗೆ ತಿಳಿಯಿತು. ಇಪ್ಪತ್ತು ವರ್ಷ ಕಂಡ ಮುಖ. ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು.

"ಬೇಡ," ಅಂದಳು. "ಈ ಮೇಜು ಚೆನ್ನಾಗಿದೆ."

ಅವನು ಕೌದಿಯ ಮೇಲೆ ಕೈಯಾಡಿಸಿದ. "ಇದರಲ್ಲಿ ನಂದೇನಾದ್ರೂ ಇದ್ಯಾ?"

"ಇಲ್ಲ."

"ಒಂದು ಚೂರೂ?"

"ಒಂದು ಚೂರೂ ಇಲ್ಲ. ಕಾಫಿ ಆರಿಹೋಗುತ್ತೆ, ಕುಡಿ. ನನಗೆ ಕೆಲಸಕ್ಕೆ ಹೊತ್ತಾಯ್ತು."

ಅವನು ಕುಡಿದ, ಎದ್ದು ಹೋದ. ಅವಳು ಲೋಟ ತೊಳೆದು ಬೋರಲು ಹಾಕಿ, ಬೀದಿಬಾಗಿಲಿಗೆ ಬೀಗ ಹಾಕಿ ಶೆಡ್ಡಿಗೆ ನಡೆದಳು. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿ ಮುಟ್ಟಿತ್ತು. ಒತೀಲಿಯ ಮಷೀನು ನಿಲ್ಲಿಸಿ, ಕಣ್ಣು ಅಗಲಿಸಿ ಕಾಯುತ್ತಿದ್ದಳು.

"ಏನಂತೆ ಕೊಮಾದ್ರೆ? ಯಾಕೆ ಬಂದಿದ್ದ?"

"ಕಾಫಿಗೆ," ಅಂದಳು ಲಿಂದಾಲ್ವ. ಜೇಬಿನ ಕಟ್ಟು ಬಿಚ್ಚಿ, ಮಷೀನಿಗೆ ದಾರ ಪೋಣಿಸಿದಳು.